ಬಿದ್ದ ಗಾಡಿಯ ತೂಕ

ಭಾನುವಾರ ಬೆಳಗ್ಗೆ ಸರಿಯಾಗಿ ತಿಂಡಿಯ ಹೊತ್ತಿಗೆ ಅಕ್ಕನ ಮಗ ಬಂದ. ಉಪ್ಪಿಟ್ಟಿನ ತಟ್ಟೆ ಕೈಗೆ ಬರುವ ಮೊದಲೇ ಫೋನು ತೆಗೆದು ನನ್ನ ಮೂಗಿನ ಮುಂದೆ ಹಿಡಿದ. ಏಳು ಮೋಟಾರ್‌ಸೈಕಲ್‌ಗಳ ಪಟ್ಟಿ. ಪ್ರತಿಯೊಂದರ ಎದುರಿಗೂ ಸಿಸಿ, ಬಿಎಚ್‌ಪಿ, ಟಾಪ್ ಸ್ಪೀಡು, ಬೆಲೆ.

"ಮಾವ, ಜೂನ್ ಕೊನೇಲಿ ಲಡಾಖ್‌ಗೆ ಹೊರಟಿದೀನಿ. ರೈಲಲ್ಲಿ ಹಾಕಲ್ಲ, ಇಲ್ಲಿಂದ್ಲೇ ಓಡಿಸ್ಕೊಂಡು. ಇದ್ರಲ್ಲಿ ಯಾವುದು ತಗೊಳ್ಳಲಿ ಹೇಳಿ."

"ತೂಕದ ಕಾಲಂ ಎಲ್ಲೋ?"

"ತೂಕ ಯಾಕೆ ಮಾವ? ನಾನೇನು ಹೊತ್ಕೊಂಡು ಹೋಗ್ತೀನಾ?"

ಹೊತ್ತುಕೊಂಡು ಹೋಗುವುದಿಲ್ಲ ನಿಜ. ಆದರೆ ಎತ್ತಬೇಕಾಗುತ್ತದೆ. ಕೆಲವು ವರ್ಷಗಳ ಹಿಂದೆ ಮನಾಲಿ-ಲೇಹ್ ರಸ್ತೆಯ ಬಾರಾಲಾಚಾ ಲಾ ಕಣಿವೆದಾರಿಗೆ ಸ್ವಲ್ಪ ಕೆಳಗೆ, ರಸ್ತೆಗೆ ಅಡ್ಡಲಾಗಿ ಹರಿಯುತ್ತಿದ್ದ ಹಿಮನೀರಿನ ಹಳ್ಳದಲ್ಲಿ ನಾನು ಬಿದ್ದಿದ್ದೆ. ನೀರು ಮೊಣಕಾಲಿಗೂ ಬರುತ್ತಿರಲಿಲ್ಲ. ಅಡಿಯಲ್ಲಿ ತೆಂಗಿನಕಾಯಿ ಗಾತ್ರದ ಉರುಟು ಕಲ್ಲುಗಳು. ಮುಂದಿನ ಚಕ್ರ ಒಂದು ಕಲ್ಲಿನಿಂದ ಜಾರಿ ಇನ್ನೊಂದಕ್ಕೆ ಒರಗಿತು, ನಾನು ಕಾಲು ಚಾಚಿದೆ, ಕಾಲಿಗೆ ನೆಲ ಸಿಗಲಿಲ್ಲ. ಅಷ್ಟೇ. ಹೆಚ್ಚೆಂದರೆ ಗಂಟೆಗೆ ಐದು ಕಿ.ಮೀ. ವೇಗ, ಬೀಳುವುದಕ್ಕೂ ಮರ್ಯಾದೆ ಬೇಕು, ಅದೂ ಇರಲಿಲ್ಲ. ಎದ್ದು ಹ್ಯಾಂಡಲ್ ಹಿಡಿದು ಒಂದು ಸಲ ಎಳೆದೆ, ಗಾಡಿ ಒಂದು ಗೇಣು ಮೇಲೆದ್ದು ಮತ್ತೆ ಮಲಗಿತು. ಎರಡನೆಯ ಸಲಕ್ಕೆ ಕಣ್ಣಿಗೆ ಕತ್ತಲೆ ಬಂತು. ಕಲ್ಲಿನ ಮೇಲೆ ಕೂತು, ನಾಯಿಯ ಹಾಗೆ ತೇಕುತ್ತ, ನನ್ನದೇ ಗಾಡಿಯ ಟ್ಯಾಂಕಿನ ಮುಚ್ಚಳದಿಂದ ಪೆಟ್ರೋಲು ತೊಟ್ಟಿಕ್ಕುವುದನ್ನು ನೋಡಿದೆ. ಹದಿನೈದು ನಿಮಿಷದ ಮೇಲೆ ಬಂದ ಟ್ಯಾಂಕರ್ ಲಾರಿಯ ಡ್ರೈವರ್ ಮತ್ತು ಕ್ಲೀನರ್ ಇಳಿದು ಗಾಡಿಯನ್ನು ಎತ್ತಿ ನಿಲ್ಲಿಸಿದರು. ಕ್ಲೀನರ್ ಹುಡುಗನಿಗೆ ಹದಿನೆಂಟು ವರ್ಷವಿದ್ದಿರಬಹುದು, ಬಾಯಲ್ಲಿ ಬೀಡಿ ಹಾಗೇ ಇತ್ತು.

ಅವತ್ತಿನಿಂದ, ದೂರದ ದಾರಿಗೆ ಯಾವ ಗಾಡಿ ಎಂದು ಯಾರು ಕೇಳಿದರೂ ನಾನು ತೂಕದಿಂದ ಶುರು ಮಾಡುತ್ತೇನೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಆಮೇಲೆ ಸುಳಿ, ಆಮೇಲೆ ನಡಿಗೆ. ಓಟ ಎಷ್ಟು ಎಂದು ಕೇಳುವುದು ಪಂದ್ಯದ ಹುಚ್ಚಿನವರು ಮಾತ್ರ. ಮೋಟಾರ್‌ಸೈಕಲ್ ಅಂಗಡಿಯಲ್ಲಿ ಮಾತ್ರ ನಾವೆಲ್ಲ ಪಂದ್ಯದ ಹುಚ್ಚಿನವರೇ.

ಬಿದ್ದ ಗಾಡಿಯನ್ನು ಎತ್ತುವುದು ಸನ್ನೆಗೋಲಿನ ಲೆಕ್ಕ. ಎರಡು ಟೈರುಗಳು ನೆಲ ಮುಟ್ಟುವ ಗೆರೆಯೇ ಆನಿಕೆ. ಗಾಡಿಯ ಭಾರವೆಲ್ಲ ಒಂದು ಬಿಂದುವಿನಲ್ಲಿ ಸೇರಿದೆ ಎಂದುಕೊಂಡರೆ, ಆ ಗುರುತ್ವಕೇಂದ್ರ ಗಾಡಿ ನೆಟ್ಟಗೆ ನಿಂತಾಗ ನೆಲದಿಂದ ಸುಮಾರು ಅರ್ಧ ಮೀಟರಿಗಿಂತ ತುಸು ಮೇಲಿರುತ್ತದೆ. ನಮ್ಮ ಕೈ ಹಿಡಿಯುವ ಹ್ಯಾಂಡಲ್ ಇರುವುದು ಸುಮಾರು ಒಂದು ಮೀಟರ್ ಮೇಲೆ. 200 ಕೆ.ಜಿ. ಗಾಡಿ 5 ಡಿಗ್ರಿ ವಾಲಿದಾಗ ಅದನ್ನು ತಡೆಯಲು ಹ್ಯಾಂಡಲಿನಲ್ಲಿ ಬೇಕಾಗುವ ಬಲ 10 ಕೆ.ಜಿ. ಭಾರದಷ್ಟು, ಮಕ್ಕಳೂ ತಡೆಯಬಹುದು. 15 ಡಿಗ್ರಿಗೆ ಅದು 28 ಆಗುತ್ತದೆ, ಒಂದು ಅಕ್ಕಿ ಮೂಟೆಯ ತೂಕ. 30 ಡಿಗ್ರಿಗೆ 55. ಪೂರ್ತಿ ಮಲಗಿ ಕ್ರ್ಯಾಶ್ ಗಾರ್ಡಿನ ಮೇಲೆ ಒರಗಿದಾಗ ನೂರು ಕೆ.ಜಿ. ಮುಟ್ಟುತ್ತದೆ, ಅಂದರೆ ಗಾಡಿಯ ತೂಕದ ಅರ್ಧ. ಬ್ಯಾಗುಗಳನ್ನು ಬಿಚ್ಚದಿದ್ದರೆ ಅವುಗಳ ಪಾಲೂ ಸೇರುತ್ತದೆ. ಇಳಿಜಾರಿನ ಕಡೆಗೆ ಬಿದ್ದಿದ್ದರೆ ಇನ್ನೂ ಕಷ್ಟ, ಏಕೆಂದರೆ ಆಗ ಹ್ಯಾಂಡಲ್ ಚಕ್ರಗಳಿಗಿಂತ ಕೆಳಗಿರುತ್ತದೆ.

ಈ ಅಂಕಿಗಳಲ್ಲಿ ಇನ್ನೊಂದು ಪಾಠವೂ ಇದೆ. ಗಾಡಿ ಕೈಮೀರುವುದು ಮೊದಲ ಹತ್ತು ಹದಿನೈದು ಡಿಗ್ರಿಗಳಲ್ಲಿ. ಅಷ್ಟರೊಳಗೆ ಕಾಲು ನೆಲಕ್ಕೆ ಊರಿದರೆ ಗಾಡಿ ಉಳಿಯಿತು, ಇಲ್ಲವಾದರೆ ಹೋಯಿತು. ಹಾಗಾಗಿ ಸೀಟಿನ ಎತ್ತರ ಎನ್ನುವುದು ಬೆನ್ನುನೋವಿನ ವಿಷಯವಲ್ಲ, ಅದು ತ್ರಿಕೋನಮಿತಿಯ ವಿಷಯ. ಐದಡಿ ಐದಂಗುಲದ ಹುಡುಗ 800 ಮಿ.ಮೀ. ಸೀಟಿನ ಮೇಲೆ ಕೂತು ಸಿಮೆಂಟು ನೆಲಕ್ಕೆ ಎರಡು ಕಾಲಿನ ಮುಂಪಾದ ಊರಬಹುದು. ಹಳ್ಳದೊಳಗೆ ಕಾಲಿಡುವ ಜಾಗದಲ್ಲಿ ಮಾತ್ರ ಒಂದು ಗೇಣು ಗುಂಡಿ ಇರುತ್ತದೆ, ಯಾವಾಗಲೂ.

ನನ್ನ ಸೋದರಳಿಯನ ಪಟ್ಟಿಯ ಒಂದು ತುದಿಯಲ್ಲಿ ಬಿಎಂಡಬ್ಲ್ಯು ಆರ್ 1250 ಜಿಎಸ್ ಇತ್ತು: 136 ಅಶ್ವಶಕ್ತಿ, 249 ಕೆ.ಜಿ. (ಅದನ್ನು ಕೊಳ್ಳುವ ದುಡ್ಡು ಅವನಲ್ಲಿಲ್ಲ, ಕನಸಿಗೆ ಬಡ್ಡಿ ಇಲ್ಲವೆಂದು ಸೇರಿಸಿದ್ದ.) ಇನ್ನೊಂದು ತುದಿಯಲ್ಲಿ ಹೀರೋ ಎಕ್ಸ್‌ಪಲ್ಸ್ 200: ಸುಮಾರು 19 ಅಶ್ವಶಕ್ತಿ, 160 ಕೆ.ಜಿ. ಒಳಗೆ. ನಡುವೆ ರಾಯಲ್ ಎನ್‌ಫೀಲ್ಡ್ ಹಿಮಾಲಯನ್‌ನ ಎರಡು ತಲೆಮಾರು. 2016ರಲ್ಲಿ ಬಂದ 411 ಸಿಸಿಯದು ಇಪ್ಪತ್ತನಾಲ್ಕೂವರೆ ಅಶ್ವಶಕ್ತಿ, 2023ರ 452 ಸಿಸಿಯದು 40. ಇಷ್ಟು ಅಂತರವಿದ್ದರೆ ದಾರಿಯಲ್ಲೂ ಅಷ್ಟೇ ಅಂತರ ಕಾಣಬೇಕಲ್ಲ? ನಿಜವಾಗಿ ಎಷ್ಟು ಶಕ್ತಿ ಬೇಕು ಎಂದು ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟು ಪೇಪರಿನ ಅಂಚಿನಲ್ಲಿ ಲೆಕ್ಕ ಹಾಕಿದೆವು.

ಗಾಡಿ, ಸವಾರ, ಸಾಮಾನು ಸೇರಿ 300 ಕೆ.ಜಿ. ಎಂದಿಟ್ಟುಕೊಳ್ಳಿ. ಸಪಾಟಾದ ಹೆದ್ದಾರಿಯಲ್ಲಿ ಎಂಜಿನ್ನಿಗೆ ಎರಡೇ ಶತ್ರು. ಒಂದು ಟೈರಿನ ಉರುಳು ಪ್ರತಿರೋಧ, ಇನ್ನೊಂದು ಗಾಳಿ. ನೆಟ್ಟಗೆ ಕೂತು, ಎರಡು ಪಕ್ಕಕ್ಕೂ ಬ್ಯಾಗು ತೂಗಿಸಿಕೊಂಡ ಸವಾರ ಗಾಳಿಗೆ ಹೆಚ್ಚುಕಡಿಮೆ ಒಂದು ಬೀರುವಿನ ಬಾಗಿಲಿದ್ದಂತೆ. ಗಂಟೆಗೆ 80 ಕಿ.ಮೀ.ನಲ್ಲಿ ಹೋಗಲು ಇವನಿಗೆ ಸುಮಾರು ಏಳೂವರೆ ಅಶ್ವಶಕ್ತಿ ಸಾಕು. 100ಕ್ಕೆ ಹದಿಮೂರೂವರೆ. 120ಕ್ಕೆ 22. ವೇಗ ಒಂದೂವರೆ ಪಟ್ಟಾದಾಗ ಶಕ್ತಿಯ ಬೇಡಿಕೆ ಮೂರು ಪಟ್ಟಾಯಿತು, ಏಕೆಂದರೆ ಗಾಳಿಯ ಪಾಲು ವೇಗದ ಘನದಂತೆ ಬೆಳೆಯುತ್ತದೆ. ಬೆಂಗಳೂರಿನಿಂದ ನಾಗಪುರದ ಮೇಲೆ ಉತ್ತರಕ್ಕೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ 80-85ರಲ್ಲಿ ಸಾಗುವವನಿಗೆ 19 ಅಶ್ವಶಕ್ತಿಯ ಗಾಡಿಯಲ್ಲೂ ಅರ್ಧ ಉಳಿಕೆಯಿದೆ. 120ರಲ್ಲೇ ಹೋಗಬೇಕೆಂದು ಹಟವಿದ್ದರೆ ಅದು ಸಾಲದು. ಆದರೆ ಆ ಹಟಕ್ಕೆ ತೆರಬೇಕಾದ ಬೆಲೆಯೂ ಇದೆ: ಪ್ರತಿ ಕಿಲೋಮೀಟರಿಗೆ ಎಂಜಿನ್ ಮಾಡಬೇಕಾದ ಕೆಲಸ 80ರಲ್ಲಿದ್ದದ್ದು 120ರಲ್ಲಿ ಸುಮಾರು ದುಪ್ಪಟ್ಟು.

"ಅದು ಹೈವೇ. ಘಾಟಿ ಹತ್ತಬೇಕಲ್ಲ ಮಾವ?"

ಘಾಟಿಯಲ್ಲಿ ಗಾಳಿಯ ಕಾಟ ಕಡಿಮೆ, ವೇಗವೇ ಇರುವುದಿಲ್ಲ. ನೂರು ಮೀಟರಿಗೆ ಏಳು ಮೀಟರ್ ಏರುವ ರಸ್ತೆಯಲ್ಲಿ 300 ಕೆ.ಜಿ.ಯನ್ನು ಗಂಟೆಗೆ 40 ಕಿ.ಮೀ.ನಲ್ಲಿ ಹತ್ತಿಸಲು, ಜಲ್ಲಿಯ ಮೇಲಿನ ಉರುಳು ಪ್ರತಿರೋಧವನ್ನೂ ಸೇರಿಸಿ, ಸುಮಾರು ಐದು ಅಶ್ವಶಕ್ತಿ. ಐದೇ. ಲಡಾಖಿನ ಊರುಗಳಲ್ಲಿ 100 ಸಿಸಿ ಗಾಡಿಯ ಹಿಂದೆ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡು ಗುಡ್ಡ ಹತ್ತುವವರನ್ನು ಕಂಡು, ಇಪ್ಪತ್ತು ಲಕ್ಷದ ಗಾಡಿಯವರು ಬೆರಗಾಗಿ ಫೋಟೋ ತೆಗೆಯುತ್ತಾರೆ. ನಮ್ಮಲ್ಲಿ ಎರಡು ಪಕ್ಕಕ್ಕೂ ಹಾಲಿನ ಕ್ಯಾನು ತೂಗಿಸಿಕೊಂಡು ಟಿವಿಎಸ್ ಎಕ್ಸ್‌ಎಲ್‌ನಲ್ಲಿ ಬೆಳಗಿನ ಜಾವ ಹೊರಡುವವರನ್ನು ನೋಡಿದವರಿಗೆ ಅದರಲ್ಲಿ ಬೆರಗೇನೂ ಇಲ್ಲ.

ಇಲ್ಲಿಗೆ ಲೆಕ್ಕ ಮುಗಿಯಿತೆಂದು ಅವನು ಸಣ್ಣ ಗಾಡಿಯ ಕಡೆ ವಾಲುತ್ತಿದ್ದ. ನಾನು ತಡೆದೆ. ಏಕೆಂದರೆ ಕಂಪನಿ ಹೇಳುವ ಅಶ್ವಶಕ್ತಿ ನಮಗೆ ಪೂರ್ತಿ ಸಿಗುವುದಿಲ್ಲ. ಮನಾಲಿ-ಲೇಹ್ ದಾರಿಯ ಅತಿ ಎತ್ತರದ ಜಾಗ ತಂಗ್‌ಲಂಗ್ ಲಾ, ಸಮುದ್ರಮಟ್ಟದಿಂದ 5,328 ಮೀಟರ್. ಅಲ್ಲಿ ಗಾಳಿಯ ಸಾಂದ್ರತೆ ಮಂಗಳೂರಿನ ಗಾಳಿಯ ಸುಮಾರು ಶೇ 58. ಎಂಜಿನ್ ಒಂದು ಪಂಪು. ಪ್ರತಿ ಸುತ್ತಿಗೆ ಇಷ್ಟು ಲೀಟರ್ ಗಾಳಿ ಎಳೆಯುತ್ತದೆಯೇ ಹೊರತು ಇಷ್ಟು ಗ್ರಾಂ ಎಂದಲ್ಲ. ಗ್ರಾಂ ಕಡಿಮೆಯಾದರೆ ಸುಡಬಹುದಾದ ಪೆಟ್ರೋಲೂ ಕಡಿಮೆ, ಶಕ್ತಿಯೂ ಕಡಿಮೆ. ಇಪ್ಪತ್ತನಾಲ್ಕೂವರೆಯ ಹಿಮಾಲಯನ್ ಅಲ್ಲಿ ಸುಮಾರು ಹದಿನಾಲ್ಕರ ಗಾಡಿ, 19ರದ್ದು ಹನ್ನೊಂದರ ಗಾಡಿ. ಬೇಕಿರುವ ಐದಕ್ಕೆ ಹೋಲಿಸಿದರೆ ಇದೂ ಸಾಕು, ಆದರೆ ಓವರ್‌ಟೇಕ್ ಮಾಡುವ ಧಿಮಾಕನ್ನು ಕೆಳಗೆ ಕೀಲಾಂಗ್ ಊರಿನಲ್ಲೇ ಬಿಟ್ಟು ಬರಬೇಕು.

ಕಾರ್ಬ್ಯುರೇಟರ್ ಇರುವ ಹಳೆಯ ಗಾಡಿಗಳಿಗೆ ಇನ್ನೊಂದು ಏಟು ಬೀಳುತ್ತದೆ. ಕಾರ್ಬ್ಯುರೇಟರಿನ ಕಿರಿದಾದ ಕೊರಳಲ್ಲಿ ಗಾಳಿ ರಭಸವಾಗಿ ಹಾದಾಗ ಒತ್ತಡ ಕುಸಿಯುತ್ತದೆ, ಆ ಕುಸಿತವೇ ಪೆಟ್ರೋಲನ್ನು ಜೆಟ್ಟಿನಿಂದ ಮೇಲಕ್ಕೆಳೆಯುತ್ತದೆ. ಗಾಳಿ ತೆಳುವಾದಂತೆ ಪೆಟ್ರೋಲೂ ಕಡಿಮೆ ಬರುತ್ತದೆ, ಆದರೆ ಗಾಳಿ ಕಡಿಮೆಯಾದಷ್ಟು ಪ್ರಮಾಣದಲ್ಲಲ್ಲ, ಅದರ ವರ್ಗಮೂಲದ ಪ್ರಮಾಣದಲ್ಲಿ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂದು ಕೆಳಗೆ ಹದ ಮಾಡಿದ್ದು, ತಂಗ್‌ಲಂಗ್ ಲಾದಲ್ಲಿ ಒಂದಕ್ಕೆ ಹನ್ನೊಂದರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಒಲೆಗೆ ಸೌದೆ ತುರುಕಿ ಊದುಕೊಳವೆ ಮರೆತ ಹಾಗೆ: ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್ಗು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದರೂ ಅಲ್ಲಿ ಹುಟ್ಟಿದ ಯೆಜ್ಡಿಗಳನ್ನು ಜೋಪಾನವಾಗಿ ಇಟ್ಟುಕೊಂಡು ಹಿಮಾಲಯಕ್ಕೆ ಒಯ್ಯುವ ಪ್ರೇಮಿಗಳಿದ್ದಾರೆ. ಅವರ ಜೇಬಿನಲ್ಲಿ ಸಣ್ಣ ತೂತಿನ ಇನ್ನೊಂದು ಮೇನ್ ಜೆಟ್ ಇರುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಮಾಲಿನ್ಯ ನಿಯಮ ಬಂದ ಮೇಲೆ ಅವನ ಪಟ್ಟಿಯಲ್ಲಿದ್ದಂಥ ಹೊಸ ಗಾಡಿಗಳಲ್ಲಿ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಸೆನ್ಸರುಗಳು ಗಾಳಿಯನ್ನು ಅಳೆದು ಅದಕ್ಕೆ ತಕ್ಕಷ್ಟೇ ಪೆಟ್ರೋಲು ಚಿಮುಕಿಸುತ್ತವೆ. ಎಂಜಿನ್ನಿನ ಉಸಿರಾಟದ ಹದ ಹೀಗೆ ತಾನಾಗಿ ಸರಿಹೋಗುತ್ತದೆ, ಕಳೆದುಹೋದ ಶಕ್ತಿ ಮಾತ್ರ ವಾಪಸು ಬರುವುದಿಲ್ಲ. ಸವಾರನ ಎದೆಗೂಡಿಗೆ ಆ ಹದದ ಭಾಗ್ಯವೂ ಇಲ್ಲ. ಬಾರಾಲಾಚಾದಲ್ಲಿ ನಾನು ಕಲ್ಲಿನ ಮೇಲೆ ಕೂತಾಗ ಒಂದು ಉಸಿರಿಗೆ ಸಿಗುತ್ತಿದ್ದ ಆಮ್ಲಜನಕ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಬೆಂಗಳೂರಿನಲ್ಲಿ ಎತ್ತಬಲ್ಲ ಗಾಡಿಯನ್ನು ಅಲ್ಲಿ ಎತ್ತಲಾಗದೆ ಹೋಗಿದ್ದು ಅದಕ್ಕೇ.

ಶಕ್ತಿ ಕಡಿಮೆಯಾದಾಗ ಮೊದಲು ಸಾಯುವ ಬಿಡಿಭಾಗ ಎಂಜಿನ್ ಅಲ್ಲ, ಕ್ಲಚ್ಚು. ಅದೇ ಮನಾಲಿ-ಲೇಹ್ ದಾರಿಯಲ್ಲಿ ಸರ್ಚು ದಾಟಿದ ಮೇಲೆ ಗಾಟಾ ಲೂಪ್ಸ್ ಎನ್ನುವ 21 ಹಿಮ್ಮುರಿ ತಿರುವುಗಳಿವೆ. ಅಲ್ಲಿ ಲಾರಿಗಳ ಸಾಲಿನ ಹಿಂದೆ ಹತ್ತುತ್ತಿದ್ದಾಗ ನನ್ನ ಜೊತೆಗಾರನ ಗಾಡಿಯಿಂದ ಮೊದಲು ಒಂದು ವಾಸನೆ ಬಂತು, ಸುಟ್ಟ ಹಂಚಿಗೂ ಕರಕಲು ರಬ್ಬರಿಗೂ ನಡುವಿನದು. ಅವನ ಗಾಡಿ ನನ್ನದಕ್ಕಿಂತ ದೊಡ್ಡದು, ವೇಗದ್ದು, ಮೊದಲ ಗೇರೇ ಉದ್ದದ್ದು. ಲಾರಿಯ ಹಿಂದೆ ನಡಿಗೆಯ ವೇಗದಲ್ಲಿ ಹೋಗಬೇಕೆಂದರೆ ಅವನು ಹಾಫ್ ಕ್ಲಚ್ಚಿನಲ್ಲೇ ಇರಬೇಕು. ಎಂಜಿನ್ ಕಡೆಯ ಪ್ಲೇಟು ಒಂದು ವೇಗದಲ್ಲಿ, ಚಕ್ರದ ಕಡೆಯದು ಇನ್ನೊಂದು ವೇಗದಲ್ಲಿ ಉಜ್ಜುತ್ತಿದ್ದರೆ, ಆ ವೇಗದ ವ್ಯತ್ಯಾಸವನ್ನು ಟಾರ್ಕಿನಿಂದ ಗುಣಿಸಿದಷ್ಟು ಶಕ್ತಿ ಶಾಖವಾಗುತ್ತದೆ. 20 ನ್ಯೂಟನ್ ಮೀಟರ್ ಟಾರ್ಕು, ನಿಮಿಷಕ್ಕೆ 2,500 ಸುತ್ತಿನ ವ್ಯತ್ಯಾಸ ಎಂದರೆ 5 ಕಿಲೋವಾಟಿಗೂ ಹೆಚ್ಚು. ಸ್ನಾನದ ಮನೆಯ ಎರಡೂವರೆ ಗೀಸರುಗಳನ್ನು ಅಂಗೈ ಅಗಲದ ಪ್ಲೇಟುಗಳ ಒಳಗೆ ಹಚ್ಚಿಟ್ಟ ಹಾಗೆ. ಹದಿನೇಳನೆಯ ತಿರುವೋ ಹದಿನೆಂಟನೆಯದೋ, ಎಂಜಿನ್ ಅರಚಿತು, ಚಕ್ರ ತಿರುಗಲಿಲ್ಲ. ಗಾಡಿಯನ್ನು ಪಿಕಪ್ ವ್ಯಾನಿನ ಮೇಲೆ ಹೇರಿ ಲೇಹ್‌ಗೆ ಸಾಗಿಸಿದೆವು, ಪ್ಲೇಟು ಚಂಡೀಗಢದಿಂದ ಬರುವ ತನಕ ಅವನು ಆರು ದಿನ ಥುಕ್ಪಾ ಕುಡಿಯುತ್ತ ಕೂತಿದ್ದ.

ಆದ್ದರಿಂದ ಟೆಸ್ಟ್ ರೈಡಿಗೆ ಹೋದಾಗ ನಾಲ್ಕನೆಯ ಗೇರಿನಲ್ಲಿ ಎಷ್ಟು ಓಡುತ್ತದೆ ಎಂದು ನೋಡುವ ಬದಲು, ಮೊದಲ ಗೇರಿನಲ್ಲಿ ಎಷ್ಟು ನಿಧಾನವಾಗಿ ಹೋಗುತ್ತದೆ ಎಂದು ನೋಡಬೇಕು. ಕ್ಲಚ್ ಪೂರ್ತಿ ಬಿಟ್ಟು, ಆಕ್ಸಿಲರೇಟರ್ ಮುಟ್ಟದೆ, ಪಕ್ಕದಲ್ಲಿ ನಡೆಯುವವನ ಜೊತೆ ಮಾತಾಡುತ್ತ ಸಾಗುವ ಗಾಡಿ ಒಳ್ಳೆಯ ಗಾಡಿ. ಶೋರೂಮಿನ ಹುಡುಗ ವಿಚಿತ್ರವಾಗಿ ನೋಡುತ್ತಾನೆ, ನೋಡಲಿ.

ಇಳಿಜಾರಿಗೂ ಇದೇ ಮೊದಲ ಗೇರು ಬೇಕು. ತಂಗ್‌ಲಂಗ್ ಲಾದಿಂದ ಸಿಂಧೂ ದಡದ ಉಪ್ಶಿಗೆ ಇಳಿಯುವಾಗ ಸುಮಾರು 1,900 ಮೀಟರ್ ಎತ್ತರ ಕಳೆದುಕೊಳ್ಳುತ್ತೇವೆ. 300 ಕೆ.ಜಿ.ಯ ಆ ಶಕ್ತಿಯನ್ನು ಪೂರ್ತಿ ಶಾಖ ಮಾಡಿದರೆ ಹದಿನಾರು ಲೀಟರ್ ತಣ್ಣೀರು ಕುದಿಯುತ್ತದೆ, ಒಂದು ದೊಡ್ಡ ಕೊಳದಪ್ಪಲೆ ತುಂಬ. ಅಷ್ಟನ್ನೂ ಬ್ರೇಕ್ ಪ್ಯಾಡಿನ ತಲೆಗೆ ಕಟ್ಟುವುದು ಅನ್ಯಾಯ. ಎಂಜಿನ್ನೂ ಗಾಳಿಯೂ ಪಾಲು ಹಂಚಿಕೊಳ್ಳಬೇಕು.

ಟ್ಯಾಂಕಿನ ವಿಷಯ ಬೇಗ ಮುಗಿಸುತ್ತೇನೆ. ಲಾಹೌಲ್ ಕಣಿವೆಯ ತಾಂಡಿಯಲ್ಲಿ ಒಂದು ಪೆಟ್ರೋಲ್ ಬಂಕ್ ಇದೆ, ಅಲ್ಲಿನ ಬೋರ್ಡು ಸವಾರರೆಲ್ಲರ ಫೋಟೋದಲ್ಲೂ ಇರುತ್ತದೆ: ಮುಂದಿನ ಬಂಕು 365 ಕಿ.ಮೀ. 15 ಲೀಟರ್ ಟ್ಯಾಂಕು, ಲೀಟರಿಗೆ 30 ಕೊಡುವ ಗಾಡಿ ಇದನ್ನು ದಾಟಿ ಇನ್ನೂ ಎಂಬತ್ತು ಕಿ.ಮೀ. ಹೋಗುತ್ತದೆ. 20 ಲೀಟರ್ ಹಿಡಿಸಿ ಲೀಟರಿಗೆ 18 ಕೊಡುವ ದೊಡ್ಡ ಗಾಡಿಗೆ ಕ್ಯಾನು ಕಟ್ಟಬೇಕು. ಟ್ಯಾಂಕು ದೊಡ್ಡದು ಎನ್ನುವುದಕ್ಕಿಂತ ಗುಣಾಕಾರದ ಉತ್ತರ ದೊಡ್ಡದೇ ಎನ್ನುವುದು ಮುಖ್ಯ. ಪೆಟ್ರೋಲಿಗೂ ತೂಕವಿದೆ, 15 ಲೀಟರಿಗೆ 11 ಕೆ.ಜಿ.

ಸಾಮಾನು ಎಲ್ಲಿ ಕಟ್ಟಬೇಕು ಎಂಬುದನ್ನು ನಮ್ಮ ಗಾಡಿ ಹೊಡೆಯುವ ರೈತರು ಎರಡು ಪದಗಳಲ್ಲಿ ಹೇಳಿಬಿಡುತ್ತಾರೆ: ಮುಂಭಾರ, ಹಿಂಭಾರ. ಎತ್ತಿನ ಗಾಡಿಗೆ ಹುಲ್ಲು ಹೇರುವಾಗ ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ನೊಗದ ಕೊರಳಹಗ್ಗ ಎತ್ತುಗಳ ಕೊರಳನ್ನು ಬಿಗಿಯುತ್ತದೆ. ಮೋಟಾರ್‌ಸೈಕಲ್ಲಿನಲ್ಲಿ ಅಚ್ಚಿನ ಜಾಗ ಹಿಂದಿನ ಚಕ್ರದ್ದು. ಅದರ ಅಚ್ಚಿಗಿಂತ ಒಂದಡಿ ಹಿಂದಕ್ಕೆ 30 ಕೆ.ಜಿ. ಕಟ್ಟಿದರೆ ಮುಂದಿನ ಚಕ್ರದ ಮೇಲಿನ ಭಾರ ಸುಮಾರು ಆರು ಕೆ.ಜಿ. ಇಳಿಯುತ್ತದೆ. ಆರೇ ಎನ್ನಬೇಡಿ, ಜಲ್ಲಿಯಲ್ಲಿ ದಾರಿ ಹಿಡಿಯುವುದು ಆ ಚಕ್ರವೇ. ಜೊತೆಗೆ ಹಿಂದಕ್ಕೆ ಸರಿದ ಭಾರ ಲೋಲಕದಂತೆ ಅಡ್ಡಡ್ಡ ತೂಗುತ್ತದೆ. ಹೆಂಡತಿಯೋ ಗೆಳೆಯನೋ ಹಿಂದೆ ಕೂರುತ್ತಾರೆ ಎಂದರೆ ಇಲ್ಲಿಯ ಅರ್ಧ ಲೆಕ್ಕ ಬದಲಾಗುತ್ತದೆ. ಆಗ ದೊಡ್ಡ ಎಂಜಿನ್ನಿಗೆ ನಾನೂ ಕೈ ಎತ್ತುತ್ತೇನೆ. ಎತ್ತುವುದಕ್ಕೆ ಇಬ್ಬರಿರುತ್ತಾರಲ್ಲ!

ಚಕ್ರದ ಬಗ್ಗೆ ಶೋರೂಮುಗಳಲ್ಲಿ ಬಹಳ ಉಪದೇಶ ನಡೆಯುತ್ತದೆ. ಮುಂದಿನ ಚಕ್ರ 21 ಇಂಚಿನದೇ ಆಗಿರಬೇಕು, 17 ಇಂಚಿನದು ಗುಂಡಿಗೆ ಬಿದ್ದುಬಿಡುತ್ತದೆ ಎಂದು. ಅಳೆದು ನೋಡೋಣ. ಟೈರೂ ಸೇರಿ 21 ಇಂಚಿನದರ ತ್ರಿಜ್ಯ ಸುಮಾರು 35 ಸೆಂ.ಮೀ., 17 ಇಂಚಿನದರದು 30. ಹತ್ತು ಸೆಂಟಿಮೀಟರಿನ ಕಲ್ಲು ಎದುರಾದರೆ ದೊಡ್ಡ ಚಕ್ರ ಅದಕ್ಕೆ 44-45 ಡಿಗ್ರಿ ಕೋನದಲ್ಲಿ ಢಿಕ್ಕಿಯಾಗುತ್ತದೆ, ಸಣ್ಣದು 48ರಲ್ಲಿ. ವ್ಯತ್ಯಾಸವಿದೆ, ಆದರೆ ಉಪದೇಶದಷ್ಟಿಲ್ಲ. ಕಲ್ಲು ಹತ್ತಿದ ಮೇಲೆ ಚಕ್ರ ಮೇಲೆ ಸರಿಯಲು ಫೋರ್ಕಿನಲ್ಲಿ ಎಷ್ಟು ಜಾಗ ಇದೆ ಎನ್ನುವುದು ಹೆಚ್ಚು ಮುಖ್ಯ. ಪಟ್ಟಣದ ಗಾಡಿಗಳಲ್ಲಿ ಅದು 120-130 ಮಿ.ಮೀ., ಹಿಮಾಲಯನ್‌ನಂಥವುಗಳಲ್ಲಿ 200.

ನನಗೆ ಸ್ವಾರಸ್ಯವೆನಿಸುವುದು ಚಕ್ರದ ವ್ಯಾಸಕ್ಕಿಂತ ಅದರ ಕಡ್ಡಿಗಳು. ಎತ್ತಿನ ಗಾಡಿಯ ಮರದ ಗಾಲಿಯಲ್ಲಿ ಭಾರ ನಿಂತಿರುವುದು ಗುಂಭದ ಕೆಳಗಿರುವ ಅರದ ಮೇಲೆ, ಕಂಬದ ಮೇಲೆ ಮಾಡು ನಿಂತ ಹಾಗೆ. ಅದೇ ಯೋಚನೆಯಲ್ಲಿ ಮೋಟಾರ್‌ಸೈಕಲ್ಲಿನ ತಂತಿಯಂಥ ಸ್ಪೋಕನ್ನು ನೋಡಿದರೆ ಗಾಬರಿಯಾಗುತ್ತದೆ. ಎರಡು ಬೆರಳಲ್ಲಿ ಬಗ್ಗುವ ಕಡ್ಡಿ ಕಂಬವಾಗುವುದು ಹೇಗೆ? ಅದು ಕಂಬವಲ್ಲ. ಎಲ್ಲ ಕಡ್ಡಿಗಳನ್ನೂ ಮೊದಲೇ ವೀಣೆಯ ತಂತಿಯಂತೆ ಬಿಗಿದಿಟ್ಟಿರುತ್ತಾರೆ. ಭಾರ ಬಿದ್ದಾಗ ಕೆಳಗಿನ ಕಡ್ಡಿಗಳ ಬಿಗಿತ ಸ್ವಲ್ಪ ಸಡಿಲಾಗುತ್ತದೆ, ಅಷ್ಟೇ. ಆ ಸಡಿಲವೇ ಭಾರ ಹೊರುವ ಬಗೆ. ಎಲ್ಲಿಯವರೆಗೆ ಬಿಗಿತ ಸೊನ್ನೆಗೆ ಇಳಿಯುವುದಿಲ್ಲವೋ ಅಲ್ಲಿಯವರೆಗೆ ಚಕ್ರ ಗಟ್ಟಿ. ದೊಡ್ಡ ಗುಂಡಿಗೆ ಬಿದ್ದರೆ ರಿಮ್ಮು ಬಳುಕಿ, ಬಾಗಿ, ಶಕ್ತಿಯನ್ನು ನುಂಗುತ್ತದೆ. ಆಮೇಲೆ ಕೀಲಿಯಿಂದ ಕಡ್ಡಿ ತಿರುವಿ ಮತ್ತೆ ದುಂಡಗೆ ಮಾಡಬಹುದು. ಅಲಾಯ್ ಚಕ್ರಕ್ಕೆ ಬಳುಕಲು ಬರುವುದಿಲ್ಲ, ಬಿರುಕು ಬಿಟ್ಟರೆ ಅಲ್ಲಿಗೆ ಮುಗಿಯಿತು. ಆದರೆ ಅಲಾಯಿಗೆ ಟ್ಯೂಬ್‌ಲೆಸ್ ಟೈರಿನ ಸುಖವಿದೆ: ಮೊಳೆ ಕಿತ್ತು ರಬ್ಬರ್ ಬತ್ತಿ ತುರುಕಿದರೆ ಐದು ನಿಮಿಷದಲ್ಲಿ ಮುಂದೆ. ಮಾಮೂಲು ಸ್ಪೋಕಿನ ಚಕ್ರದಲ್ಲಿ ಗಾಳಿ ಕಡ್ಡಿಯ ತೂತುಗಳಲ್ಲೇ ಸೋರುವುದರಿಂದ ಟ್ಯೂಬು ಬೇಕು, ಪಂಕ್ಚರಾದರೆ ಚಕ್ರ ಬಿಚ್ಚಬೇಕು. ಬಿಚ್ಚಿ ಹಾಕುವುದನ್ನು ಮನೆಯ ಅಂಗಳದಲ್ಲಿ ಒಮ್ಮೆ ಮಾಡಿ ನೋಡಿದವರು ಮಾತ್ರ ಸ್ಪೋಕು ಆರಿಸಲಿ ಎಂದು ನನ್ನ ಅಭಿಪ್ರಾಯ.

ದಾರಿ ಗಾಡಿಯನ್ನು ಒಂದೇ ಏಟಿಗೆ ಮುರಿಯುವುದು ಅಪರೂಪ. ಅದು ಸಣ್ಣಗೆ ತಟ್ಟಿ ತಟ್ಟಿ ಮುರಿಯುತ್ತದೆ. ಲಡಾಖಿನ ಡಾಂಬರಿಲ್ಲದ ರಸ್ತೆಗಳಲ್ಲಿ ಶೀಟಿನ ಮನೆಯ ತಗಡು ಹಾಸಿದಂತೆ ಅಡ್ಡ ನೆರಿಗೆಗಳು ಎದ್ದಿರುತ್ತವೆ. ಇವು ಏಕೆ ಏಳುತ್ತವೆ ಎಂದು 2007ರಲ್ಲಿ ಟ್ಯಾಬರ್ಲೆ, ಮಾರಿಸ್ ಮತ್ತು ಮ್ಯಾಕೆಲ್ವೇನ್ ಎಂಬ ಮೂವರು ಭೌತವಿಜ್ಞಾನಿಗಳು ಮರಳಿನ ಮೇಲೆ ಚಕ್ರ ಉರುಳಿಸಿ ಪರೀಕ್ಷಿಸಿದರು. ವೇಗ ಒಂದು ಮಿತಿ ದಾಟಿದ ಕೂಡಲೇ, ಸಪಾಟಾದ ಮರಳು ತಾನಾಗಿ ನೆರಿಗೆಗಟ್ಟಿತು; ಸ್ಪ್ರಿಂಗು ಇಲ್ಲದ ಚಕ್ರವೂ ನೆರಿಗೆ ಮಾಡಿತು. ನೆರಿಗೆಯಿಂದ ನೆರಿಗೆಗೆ 70 ಸೆಂ.ಮೀ. ಎಂದುಕೊಂಡರೆ, ಗಂಟೆಗೆ 40 ಕಿ.ಮೀ. ಹೋಗುವವನಿಗೆ ಒಂದು ಗಂಟೆಯಲ್ಲಿ 57 ಸಾವಿರ ಗುದ್ದು. ತಂತಿಯನ್ನು ಹಿಂದಕ್ಕೆ ಮುಂದಕ್ಕೆ ಬಗ್ಗಿಸಿ ತುಂಡು ಮಾಡುವ ಹಾಗೆ ಈ ಗುದ್ದುಗಳು ಲೋಹವನ್ನು ದಣಿಸುತ್ತವೆ. ಮೊದಲು ಹೋಗುವುದು ಬ್ಯಾಗ್ ಕಟ್ಟುವ ಕ್ಯಾರಿಯರಿನ ಬುಡ, ಆಮೇಲೆ ಚಾಸಿಯ ಬಾಲ.

ಚಾಸಿ ಉಕ್ಕಿನದಾಗಿದ್ದರೆ ಟ್ರ್ಯಾಕ್ಟರ್ ರಿಪೇರಿ ಮಾಡುವ ಯಾವ ಊರಲ್ಲೂ ವೆಲ್ಡ್ ಆಗುತ್ತದೆ. ಅಲ್ಯೂಮಿನಿಯಮ್ಮಿಗೆ ಆರ್ಗಾನ್ ಅನಿಲ ಬೇಕು, ಪಳಗಿದ ಕೈ ಬೇಕು. ಇವಾನ್ ಮೆಕ್‌ಗ್ರೆಗರ್ ಮತ್ತು ಚಾರ್ಲಿ ಬೂರ್ಮನ್ ಎಂಬ ನಟರು 2004ರಲ್ಲಿ ಲಂಡನ್ನಿನಿಂದ ಪೂರ್ವಕ್ಕೆ ಹೊರಟು ನ್ಯೂಯಾರ್ಕ್ ತಲುಪಿದ್ದು ಭಾರಿ ಬಿಎಂಡಬ್ಲ್ಯು ಆರ್ 1150 ಜಿಎಸ್‌ಗಳಲ್ಲಿ. ಮಂಗೋಲಿಯಾದಲ್ಲಿ ಅವರ ಕ್ಯಾಮೆರಾಮನ್ನನ ಗಾಡಿಯ ಚಾಸಿ ಮುರಿದಾಗ ಆತ ಮುಂದೆ ಸಾಗಿದ್ದು ಅಲ್ಲೇ ಕೊಂಡ ರಷ್ಯಾದ ಅಗ್ಗದ ಗಾಡಿಯ ಮೇಲೆ. ಅದೂ ಕೆಟ್ಟಿತು, ಆದರೆ ಅದನ್ನು ರಿಪೇರಿ ಮಾಡಲು ಆ ನಾಡಿನವರಿಗೆ ಗೊತ್ತಿತ್ತು.

ಹಳಬರೇನೂ ದೊಡ್ಡ ಗಾಡಿಗಾಗಿ ತಲೆ ಕೆಡಿಸಿಕೊಂಡಿರಲಿಲ್ಲ. ಟೆಡ್ ಸೈಮನ್ 1973ರಲ್ಲಿ 500 ಸಿಸಿಯ ಟ್ರಯಂಫ್ ಹತ್ತಿ ನಾಲ್ಕು ವರ್ಷದಲ್ಲಿ ಭಾರತವೂ ಸೇರಿ 45 ದೇಶ, ಸುಮಾರು ಒಂದು ಲಕ್ಷ ಕಿ.ಮೀ. ಸುತ್ತಿದರು. ಈ ಸಾಲಿನಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಫ್ರಾನ್ಸಿನ ಆನ್-ಫ್ರಾನ್ಸ್ ದೋತ್‌ವಿಲ್. 1972ರಲ್ಲಿ ಆಕೆ ಪ್ಯಾರಿಸ್ಸಿನಿಂದ ಇರಾನಿನ ಇಸ್ಫಹಾನ್‌ವರೆಗೆ ಗುಂಪಿನ ಜೊತೆ ಹೋದದ್ದು 750 ಸಿಸಿಯ ಮೋಟೋ ಗುಟ್ಸಿಯಲ್ಲಿ. ಮರುವರ್ಷ ಒಬ್ಬಳೇ ಪ್ರಪಂಚ ಸುತ್ತಲು ಹೊರಟಾಗ, ದೊಡ್ಡ ಗಾಡಿಯ ಅನುಭವವಿದ್ದೂ ಆರಿಸಿದ್ದು 125 ಸಿಸಿಯ ಕವಾಸಾಕಿ. ಗುಂಪಿದ್ದಾಗ 750, ಒಂಟಿಯಾದಾಗ 125.

ಅಕ್ಕನ ಮಗ ಕೊನೆಗೆ 200 ಸಿಸಿಯದನ್ನೇ ಕೊಂಡ. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಕುಂಕುಮದ ಬೊಟ್ಟು ಆರುವ ಮೊದಲೇ ನಮ್ಮ ಮನೆಗೆ ತಂದ, ಸಾಮಾನೆಲ್ಲ ಕಟ್ಟಿಕೊಂಡು: ಪಕ್ಕಕ್ಕೆರಡು ಚೀಲ, ಹಿಂದೆ ಸೀಟಿನ ಮೇಲೆ ಒಂದು. ಅಂಗಳದಲ್ಲಿ ಹಳೆಯ ಹತ್ತಿ ಹಾಸಿಗೆ ಹಾಸಿ, ಗಾಡಿಯನ್ನು ಅದರ ಮೇಲೆ ಮೆಲ್ಲಗೆ ಮಲಗಿಸಿದೆವು. ಅಕ್ಕ ಒಳಗಿಂದ ಓಡಿ ಬಂದಳು.

"ಏನೋ ಇದು, ಹೊಸ ಗಾಡೀನ ಬೀಳಿಸ್ತಿದೀರಲ್ಲೋ! ಅವನಿಗಂತೂ ಬುದ್ಧಿ ಇಲ್ಲ, ನಿನಗೇನಾಗಿದೆ?"

ಎತ್ತುವ ಬಗೆ ತೋರಿಸಿದೆ. ಗೇರಿನಲ್ಲಿ ಹಾಕಿ, ಚಕ್ರ ಉರುಳದಿರಲಿ. ಗಾಡಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತು ಸೊಂಟವನ್ನು ಸೀಟಿಗೆ ಒತ್ತು. ಒಂದು ಕೈ ಹ್ಯಾಂಡಲಿನ ಕೆಳಗಿನ ಹಿಡಿಗೆ, ಇನ್ನೊಂದು ಕೈ ಹಿಂದಿನ ಕ್ಯಾರಿಯರಿನ ಕಂಬಿಗೆ. ಬೆನ್ನಿನಿಂದ ಎಳೆಯಬೇಡ, ತೊಡೆಯಿಂದ ತಳ್ಳು, ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ. ಮೊದಲ ಸಲ ಎದ್ದಿತು. ಎರಡನೆಯ ಸಲವೂ ಎದ್ದಿತು, ಮುಖ ಕೆಂಪಾಯಿತು. "ಇನ್ನೊಂದ್ಸಲ, ಈಗ ಉಸಿರು ಬಿಗಿಹಿಡಿದು" ಎಂದೆ. ಬಾರಾಲಾಚಾದ ಗಾಳಿಯನ್ನು ಅಂಗಳದಲ್ಲಿ ತೋರಿಸಲು ನನಗೆ ಬೇರೆ ಉಪಾಯ ತಿಳಿದಿರಲಿಲ್ಲ. ಮೂರನೆಯ ಸಲ ಗಾಡಿ ಒಂದು ಗೇಣು ಮೇಲೆದ್ದು ಹಾಸಿಗೆಗೆ ವಾಪಸಾಯಿತು.

ಅವನು ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನಿಂತ. ಆಮೇಲೆ ಬಂಜಿ ಹಗ್ಗ ಬಿಚ್ಚಿ ಹಿಂದಿನ ಚೀಲವನ್ನು ಜಗಲಿಯ ಮೇಲಿಟ್ಟು ಬಂದು, ಕುಕ್ಕರಗಾಲಲ್ಲಿ ಕೂತು ಎತ್ತಿದ. ಎದ್ದಿತು. ಚೀಲದಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ, ಅವನೂ ಬಿಚ್ಚಿ ನೋಡಲಿಲ್ಲ. ಅದು ಈಗಲೂ ನಮ್ಮ ಅಟ್ಟದ ಮೇಲೆ, ಹಾಸಿಗೆಯ ಪಕ್ಕದಲ್ಲಿದೆ.